ಕೆಂಪು ಹರಳು ಕೊಳ್ಳುವ ಮೊದಲು: ಮಾಣಿಕ್ಯ, ಸ್ಪಿನೆಲ್, ಗಾರ್ನೆಟ್, ಗಾಜು ತುಂಬಿದ್ದು – ಯಾವುದು ಯಾವ ಒಡವೆಗೆ?

ಒಂದು ಟ್ರೇ ಮೇಲೆ ಐದು ಕೆಂಪು ಹರಳು ಇಟ್ಟರೆ, ಅಂಗಡಿಯ ಹಳದಿ ಬೆಳಕಲ್ಲಿ ಐದೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಒಂದು ಮಾಣಿಕ್ಯ, ಒಂದು ಗಾಜು ತುಂಬಿದ ಮಾಣಿಕ್ಯ, ಒಂದು ಸ್ಪಿನೆಲ್, ಒಂದು ಗಾರ್ನೆಟ್, ಇನ್ನೊಂದು ಕಾರ್ಖಾನೆಯಲ್ಲಿ ಬೆಳೆಸಿದ್ದು. ಬೆಲೆ ಮಾತ್ರ ಕ್ಯಾರಟ್‌ಗೆ ಕೆಲವು ನೂರು ರೂಪಾಯಿಯಿಂದ ಲಕ್ಷಗಳವರೆಗೆ ಹೋಗುತ್ತದೆ.

ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು, "ಇದು ಬರ್ಮಾದ್ದಾ?" ಅಂತ. ನನ್ನ ಪ್ರಕಾರ ಅದು ನಾಲ್ಕನೇ ಪ್ರಶ್ನೆ. ಮೊದಲು ಕೇಳಬೇಕಾದ್ದು: ಇದು ಯಾವ ಕಲ್ಲು? ಆಮೇಲೆ: ಇದಕ್ಕೆ ಏನೇನು ಮಾಡಿದ್ದಾರೆ? ಮೂರನೆಯದನ್ನು ನಮ್ಮನ್ನೇ ಕೇಳಿಕೊಳ್ಳಬೇಕು: ಇದನ್ನು ಯಾವ ಒಡವೆಗೆ ಹಾಕಿಸುತ್ತೇವೆ, ದಿನಾ ಹಾಕಿಕೊಳ್ಳುತ್ತೇವಾ, ಹಬ್ಬಕ್ಕೆ ಮಾತ್ರವಾ? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಊರಿನ ಮಾತು.

ಬಣ್ಣ ನೋಡುವುದು ಹೇಗೆ

ಮಾಣಿಕ್ಯ ಅಂದರೆ ಕುರುಂದದ ಕೆಂಪು ರೂಪ. ಕುರುಂದ ಅಲ್ಯೂಮಿನಿಯಂ ಆಕ್ಸೈಡ್. ಅದು ಶುದ್ಧವಾಗಿದ್ದರೆ ಬಣ್ಣವೇ ಇರುವುದಿಲ್ಲ. ಒಂಚೂರು ಕ್ರೋಮಿಯಂ ಸೇರಿದರೆ ಕೆಂಪಾಗುತ್ತದೆ. ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ಅದೇ ಕಲ್ಲು ನೀಲವಾಗುತ್ತದೆ. ಹಾಗಾಗಿ ಮಾಣಿಕ್ಯ, ನೀಲ, ಪುಷ್ಯರಾಗ (ಹಳದಿ ಕುರುಂದ) ಮೂರೂ ಒಂದೇ ಕಲ್ಲಿನ ಬೇರೆ ಬೇರೆ ಬಣ್ಣ.

ಮಾಣಿಕ್ಯದ ಕೆಂಪಲ್ಲಿ ಎರಡು ವಿಷಯ ಒಟ್ಟಿಗೆ ಕೆಲಸ ಮಾಡುತ್ತವೆ. ಕ್ರೋಮಿಯಂ ಕೆಂಪು ಬಣ್ಣ ಕೊಡುತ್ತದೆ, ಜೊತೆಗೆ ಬಿಸಿಲಲ್ಲಿ ಕಲ್ಲು ತನ್ನೊಳಗಿನಿಂದಲೇ ಕೆಂಪಗೆ ಹೊಳೆಯುವಂತೆ ಮಾಡುತ್ತದೆ. ಕಬ್ಬಿಣ ಜಾಸ್ತಿ ಇದ್ದರೆ ಈ ಹೊಳಪು ಸಾಯುತ್ತದೆ, ಬಣ್ಣ ಕಂದಿನ ಕಡೆ ತಿರುಗುತ್ತದೆ. ಒಂದು ಕಲ್ಲು ಕೈಯಲ್ಲಿ ಉರಿಯುವಂತೆ ಕಾಣುವುದು, ಇನ್ನೊಂದು ಮಂಕಾಗಿ ಕಾಣುವುದು ಹೆಚ್ಚಾಗಿ ಇದರಿಂದಲೇ.

ಅಂಗಡಿಯ ದೀಪಗಳು ಹಳದಿ ಇರುವುದು ಸುಮ್ನೆ ಅಲ್ಲ. ಆ ಬೆಳಕಲ್ಲಿ ಕೆಂಪು ಕಲ್ಲುಗಳೆಲ್ಲ ಚೆನ್ನಾಗಿ ಕಾಣುತ್ತವೆ. ಹರಳನ್ನು ಬಾಗಿಲ ಹತ್ತಿರ ತಂದು, ನೇರ ಬಿಸಿಲು ಬೀಳದ ಹಗಲು ಬೆಳಕಲ್ಲಿ ನೋಡಿ. ಆಮೇಲೆ ಬಿಳಿ ಟ್ಯೂಬ್‌ಲೈಟ್ ಕೆಳಗೆ ನೋಡಿ. ಎರಡು ಕಡೆಯೂ ಕೆಂಪಾಗಿಯೇ ಇದ್ದರೆ ಒಳ್ಳೆಯ ಬಣ್ಣ. ಹಗಲಲ್ಲಿ ಗುಲಾಬಿ ಅಥವಾ ನೇರಳೆ ಆದರೆ ಬೆಲೆಯೂ ಇಳಿಯಬೇಕು. ತಿಳಿ ಗುಲಾಬಿ ಕುರುಂದವನ್ನು ಮಾಣಿಕ್ಯ ಅನ್ನಬೇಕಾ, ಗುಲಾಬಿ ಸಫೈರ್ ಅನ್ನಬೇಕಾ ಅನ್ನುವ ಜಗಳ ವ್ಯಾಪಾರದಲ್ಲಿ ಹಳೆಯದು. ಮಾರುವವರಿಗೆ ಮಾಣಿಕ್ಯ ಅಂದರೆ ಲಾಭ. ಕೊಳ್ಳುವವರು ಕಣ್ಣಿಗೆ ಕಂಡ ಬಣ್ಣಕ್ಕೆ ಮಾತ್ರ ದುಡ್ಡು ಕೊಡಬೇಕು.

ಕಟಿಂಗ್ ಕೂಡ ಬಣ್ಣ ಕೆಡಿಸುತ್ತದೆ. ಹರಳನ್ನು ಅಚ್ಚಾದ ಅಕ್ಷರಗಳ ಮೇಲೆ ಅಂಗಾತ ಇಟ್ಟು ಮೇಲಿಂದ ನೋಡಿ. ನಡುವೆ ಅಕ್ಷರ ಕಾಣಿಸಿದರೆ ಕಲ್ಲಿನ ಆಳ ಕಮ್ಮಿ ಇದೆ, ಬೆಳಕು ವಾಪಸ್ ಬರದೆ ಸೋರಿಹೋಗುತ್ತಿದೆ ಅಂತ ಅರ್ಥ. ಅದಕ್ಕೆ ವಿರುದ್ಧವಾಗಿ ಹೊಟ್ಟೆ ದಪ್ಪ ಬಿಟ್ಟ ಕಲ್ಲುಗಳೂ ಇವೆ. ಅವುಗಳಲ್ಲಿ ತೂಕ ಕೆಳಗಡೆ ಅಡಗಿರುತ್ತದೆ, ಮೇಲಿಂದ ಕಾಣುವ ಗಾತ್ರ ಚಿಕ್ಕದು. ಚೆನ್ನಾಗಿ ಕತ್ತರಿಸಿದ ದುಂಡನೆಯ ಒಂದು ಕ್ಯಾರಟ್ ಮಾಣಿಕ್ಯ ಸುಮಾರು 6 ಮಿಲಿಮೀಟರ್ ಅಗಲ ಇರುತ್ತದೆ. ಈ ಅಳತೆ ತಲೆಯಲ್ಲಿರಲಿ.

ಊರಿನ ಹೆಸರಿಗೆ ಎಷ್ಟು ಬೆಲೆ?

ಮ್ಯಾನ್ಮಾರ್‌ನ (ಅಂದರೆ ಬರ್ಮಾದ) ಮೊಗೋಕ್ ಕಣಿವೆಯ ಮಾಣಿಕ್ಯ ಅಮೃತಶಿಲೆಯೊಳಗೆ ಹುಟ್ಟಿದ್ದು. ಅಲ್ಲಿ ಕಬ್ಬಿಣ ಕಮ್ಮಿ, ಹಾಗಾಗಿ ಹೊಳಪು ಜಾಸ್ತಿ. "ಪಾರಿವಾಳದ ರಕ್ತ" ಅನ್ನುವ ವ್ಯಾಪಾರದ ಹೆಸರು ಅಲ್ಲಿನ ಅತ್ಯುತ್ತಮ ಕೆಂಪಿಗೆ ಅಂಟಿಕೊಂಡಿತು. ಥಾಯ್ಲೆಂಡ್‌ನ ಚಾಂತಬುರಿ ಕಡೆಯ ಕಲ್ಲು ಬಸಾಲ್ಟ್ ಅನ್ನುವ ಲಾವಾ ಶಿಲೆಯ ಜೊತೆ ಮೇಲೆ ಬಂದದ್ದು. ಅದರಲ್ಲಿ ಕಬ್ಬಿಣ ಜಾಸ್ತಿ, ಬಣ್ಣ ಗಾಢ, ಸ್ವಲ್ಪ ಕಂದು. ಮೊಜಾಂಬಿಕ್‌ನ ಮೊಂಟೆಪುವೆಜ್‌ನಲ್ಲಿ 2009ರಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿತು. ಈಗ ಅಂಗಡಿಗಳಲ್ಲಿ ಕಾಣುವ ಒಳ್ಳೆಯ ಮಾಣಿಕ್ಯಗಳಲ್ಲಿ ಅಲ್ಲಿಯವು ಬಹಳ. ಕಬ್ಬಿಣದ ಲೆಕ್ಕದಲ್ಲಿ ಅವು ಹೆಚ್ಚಾಗಿ ಬರ್ಮಾ ಮತ್ತು ಥಾಯ್ ಕಲ್ಲುಗಳ ನಡುವೆ ಬರುತ್ತವೆ. ಅವುಗಳಲ್ಲಿ ಒಳ್ಳೆಯವು ಮೊಗೋಕ್ ಕಲ್ಲಿನ ಪಕ್ಕ ಧೈರ್ಯವಾಗಿ ನಿಲ್ಲುತ್ತವೆ.

ಹರಾಜಿನ ಎರಡು ಕಲ್ಲು ನೋಡಿ. ಬರ್ಮಾದ "ಸನ್‌ರೈಸ್ ರೂಬಿ" 25.59 ಕ್ಯಾರಟ್. 2015ರಲ್ಲಿ ಜಿನೀವಾದಲ್ಲಿ ಸುಮಾರು 3 ಕೋಟಿ ಡಾಲರ್‌ಗೆ ಹೋಯಿತು. ಮೊಜಾಂಬಿಕ್‌ನ "ಎಸ್ಟ್ರೆಲಾ ದೆ ಫುರಾ" 55.22 ಕ್ಯಾರಟ್. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಸುಮಾರು 3.48 ಕೋಟಿ ಡಾಲರ್‌ಗೆ ಹೋಗಿ ಹಳೆಯ ದಾಖಲೆ ಮುರಿಯಿತು. ಆದರೆ ಕ್ಯಾರಟ್ ಲೆಕ್ಕ ಹಾಕಿದರೆ ಬರ್ಮಾ ಕಲ್ಲಿನ ಬೆಲೆ ಹತ್ತಿರ ಹತ್ತಿರ ಎರಡು ಪಟ್ಟು. ಹೆಸರಿಗೆ ಅಷ್ಟು ಬೆಲೆ ಇದೆ.

ಆ ಮಟ್ಟದ ಕಲ್ಲಿಗೆ ಆ ಲೆಕ್ಕ ಸರಿ. ಒಂದು ಕ್ಯಾರಟ್‌ನ ಉಂಗುರ ಮಾಡಿಸುವ ನಮಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಮೊಗೋಕ್‌ನಿಂದಲೂ ಮಂಕು ಕಲ್ಲು ಬರುತ್ತದೆ, ಮೊಜಾಂಬಿಕ್‌ನಿಂದಲೂ ಉರಿಗೆಂಪು ಬರುತ್ತದೆ. ಊರನ್ನು ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ, ಒಳ್ಳೆಯ ಲ್ಯಾಬ್ ಬೇಕು. ಅಂಗಡಿಯವರ ಬಾಯಿಮಾತಿನ "ಬರ್ಮಾ"ಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ಇನ್ನೊಂದು ವಿಷಯವೂ ಇದೆ. ಮ್ಯಾನ್ಮಾರ್‌ನಲ್ಲಿ 2021ರ ಸೇನಾ ದಂಗೆಯ ನಂತರ ಅಲ್ಲಿನ ಸರ್ಕಾರಿ ರತ್ನ ಸಂಸ್ಥೆಯ ಮೇಲೆ ಅಮೆರಿಕ ನಿರ್ಬಂಧ ಹೇರಿತು. ನಮ್ಮ ದುಡ್ಡು ಯಾರ ಕೈ ಸೇರುತ್ತದೆ ಅಂತ ಯೋಚಿಸುವವರಿಗೆ ಅದೂ ಮುಖ್ಯ.

ಕಲ್ಲಿಗೆ ಏನು ಮಾಡಿದ್ದಾರೆ?

ಎಲ್ಲಕ್ಕಿಂತ ಜಾಸ್ತಿ ಮೋಸ ನಡೆಯುವುದು ಇಲ್ಲೇ.

ಮಾಣಿಕ್ಯವನ್ನು ಕಾಯಿಸುವುದು ಬಹಳ ಹಳೆಯ ಪದ್ಧತಿ. ಹೆಚ್ಚು ಶಾಖಕ್ಕೆ ಒಡ್ಡಿದರೆ ನೀಲಿ ಛಾಯೆ ಹೋಗುತ್ತದೆ, ಒಳಗಿನ ಸಣ್ಣ ಸೂಜಿಯಂಥ ಎಳೆಗಳು ಕರಗುತ್ತವೆ, ಕಲ್ಲು ತಿಳಿಯಾಗುತ್ತದೆ. ಮಾರುಕಟ್ಟೆಯ ಬಹುಪಾಲು ಮಾಣಿಕ್ಯಗಳು ಹೀಗೆ ಬೆಂಕಿ ಕಂಡವೇ. ಆ ಬಣ್ಣ ಆಮೇಲೆ ಮಾಸುವುದಿಲ್ಲ. ಹೇಳಿ ಮಾರಿದರೆ ತಪ್ಪೇನೂ ಇಲ್ಲ. ಬೆಂಕಿ ಕಾಣದ ಒಳ್ಳೆಯ ಕಲ್ಲಿಗೆ ಬೆಲೆ ಬಹಳ ಜಾಸ್ತಿ, ಯಾಕೆಂದರೆ ಅಂಥವು ಅಪರೂಪ.

ಗಾಜು ತುಂಬಿದ್ದು ಬೇರೆಯದೇ ಕಥೆ. ಬಿರುಕು ಬಿಟ್ಟ, ಒಡವೆಗೆ ಬಾರದ ಕುರುಂದವನ್ನು ತೆಗೆದುಕೊಂಡು, ಸೀಸದ ಗಾಜಿನ ಪುಡಿ ಹಚ್ಚಿ ಕಾಯಿಸುತ್ತಾರೆ. ಗಾಜು ಕರಗಿ ಬಿರುಕಿನೊಳಗೆ ಇಳಿಯುತ್ತದೆ. ಸೀಸದ ಗಾಜಿನಲ್ಲಿ ಬೆಳಕು ಬಾಗುವ ರೀತಿ ಮಾಣಿಕ್ಯಕ್ಕೆ ಹತ್ತಿರ ಇರುವುದರಿಂದ ಬಿರುಕು ಕಣ್ಣಿಗೆ ಕಾಣದಂತಾಗುತ್ತದೆ. ಇಂಥ ಕಲ್ಲುಗಳು 2004ರ ಹೊತ್ತಿಗೆ ಮಾರುಕಟ್ಟೆಗೆ ರಾಶಿ ರಾಶಿ ಬಂದವು. ಕೆಲವುದರಲ್ಲಿ ಗಾಜು ಎಷ್ಟಿರುತ್ತದೆ ಅಂದರೆ, ಗಾಜು ತೆಗೆದರೆ ಕಲ್ಲು ಚೂರು ಚೂರಾಗುತ್ತದೆ.

ಇದರ ತೊಂದರೆ ಒಡವೆ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ನಿಂಬೆರಸ ತಗುಲಿದರೂ ಸೀಸದ ಗಾಜು ಕೊರೆದುಹೋಗುತ್ತದೆ. ನಮ್ಮ ಮನೆಗಳಲ್ಲಿ ಒಡವೆ ತೊಳೆಯುವುದು ಯಾವುದರಲ್ಲಿ? ಹುಣಸೆಹಣ್ಣಿನಲ್ಲಿ, ನಿಂಬೆಹಣ್ಣಿನಲ್ಲಿ! ಅಕ್ಕಸಾಲಿಗರ ಹತ್ತಿರ ಉಂಗುರ ಸಣ್ಣ ಮಾಡಿಸಲು ಕೊಟ್ಟರೆ ಅವರು ಬೆಂಕಿ ಊದುತ್ತಾರೆ, ಆಮೇಲೆ ಆಸಿಡ್‌ನಲ್ಲಿ ಅದ್ದುತ್ತಾರೆ. ಗಾಜು ಕರಗಿ ಹೊರಗೆ ಬರುತ್ತದೆ, ಬಿರುಕುಗಳು ಬಿಳಿ ಜಾಲದಂತೆ ಎದ್ದು ಕಾಣುತ್ತವೆ. ಬೈಗುಳ ಪಾಪ ಅಕ್ಕಸಾಲಿಗರಿಗೆ.

ಕಂಡುಹಿಡಿಯಲು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಸಾಕು. ಹರಳನ್ನು ನಿಧಾನವಾಗಿ ಅಲ್ಲಾಡಿಸುತ್ತಾ ಒಳಗೆ ನೋಡಿ. ಬಿರುಕಿನ ಜಾಗದಲ್ಲಿ ನೀಲಿ ಅಥವಾ ಕಿತ್ತಳೆ ಮಿಂಚು ಹೊಡೆದರೆ, ಚಪ್ಪಟೆಯಾದ ಗುಳ್ಳೆಗಳು ಕಂಡರೆ, ಗಾಜು ತುಂಬಿದ್ದಾರೆ. ಲೂಪ್ ಇಲ್ಲದವರಿಗೆ ಬೆಲೆಯೇ ಸುಳಿವು. ಐದಾರು ಕ್ಯಾರಟ್‌ನ ತಿಳಿಯಾದ ದೊಡ್ಡ ಮಾಣಿಕ್ಯ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ ಅಂದರೆ, ಅದು ಇದೇ.

ಜಾತಕ ನೋಡಿಸಿ ಮಾಣಿಕ್ಯ ಹಾಕಿಕೊಳ್ಳುವವರೇ ಇದಕ್ಕೆ ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವುದು ನನಗೆ ಬೇಸರದ ವಿಷಯ. ಅವರು ಕೇಳುವುದೇ ಸಹಜ ಕಲ್ಲು, ಬೆಂಕಿ ಕಾಣದ ಕಲ್ಲು. "ಐದು ರತ್ತಿಗಿಂತ ಕಮ್ಮಿ ಇರಬಾರದು" ಅಂತ ಜ್ಯೋತಿಷಿಗಳು ಬೇರೆ ಹೇಳಿರುತ್ತಾರೆ. ಆ ತೂಕದ ಒಳ್ಳೆಯ ಮಾಣಿಕ್ಯ ಅವರ ಕೈಗೆ ಎಟುಕುವುದಿಲ್ಲ. ಆ ಬೆಲೆಗೆ ಸಿಗುವುದು ಗಾಜು ತುಂಬಿದ್ದು. ನಂಬಿಕೆ ಇಟ್ಟವರು ಅಷ್ಟು ತಿಳಿಯಲ್ಲದಿದ್ದರೂ ಏನೂ ತುಂಬದ ಕಲ್ಲನ್ನೇ, ಲ್ಯಾಬ್ ವರದಿಯ ಜೊತೆ ತೆಗೆದುಕೊಳ್ಳಲಿ.

ಅಗ್ಗದ ಮಣಿಸರಗಳಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ: ಮಂಕು ಕಲ್ಲನ್ನು ಕೆಂಪು ಎಣ್ಣೆಯಲ್ಲಿ ನೆನೆಸುವುದು. ಉಗುರು ಬಣ್ಣ ತೆಗೆಯುವ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹತ್ತಿ ಕೆಂಪಾದರೆ ಗೊತ್ತಾಯಿತಲ್ಲ.

ಸ್ಪಿನೆಲ್ ಯಾಕೆ ನೋಡಬಾರದು?

ದಿನಾ ಹಾಕಿಕೊಳ್ಳುವ ಉಂಗುರಕ್ಕೆ ಸಹಜವಾದ, ಏನೂ ಮಾಡದ ಕೆಂಪು ಕಲ್ಲು ಬೇಕು, ಮಾಣಿಕ್ಯದಷ್ಟು ದುಡ್ಡು ಇಲ್ಲ ಅನ್ನುವವರಿಗೆ ನಾನು ಹೇಳುವುದು ಸ್ಪಿನೆಲ್. ನಮ್ಮಲ್ಲಿ ಇದರ ಹೆಸರು ಕೇಳಿದವರೇ ಕಮ್ಮಿ. ಆದರೆ ಮೊಘಲರು ತಲೆಯ ಮೇಲಿಟ್ಟುಕೊಂಡ ಬದಖ್ಷಾನ್‌ನ "ಲಾಲ್" ಕಲ್ಲುಗಳು ಇವೇ. ಬ್ರಿಟನ್ನಿನ ಇಂಪೀರಿಯಲ್ ಸ್ಟೇಟ್ ಕಿರೀಟದ ಮುಂಭಾಗದಲ್ಲಿರುವ "ಬ್ಲ್ಯಾಕ್ ಪ್ರಿನ್ಸ್ ರೂಬಿ" ಮಾಣಿಕ್ಯ ಅಲ್ಲ, ಸ್ಪಿನೆಲ್. ಮೊಘಲ್ ಬಾದಷಹರ ಹೆಸರು ಕೆತ್ತಿರುವ "ತೈಮೂರ್ ರೂಬಿ" ಕೂಡ ಸ್ಪಿನೆಲ್. ಮಾಣಿಕ್ಯ, ಸ್ಪಿನೆಲ್ ಎರಡೂ ಬೇರೆ ಬೇರೆ ಕಲ್ಲು ಅಂತ ವಿಜ್ಞಾನ ವಿಂಗಡಿಸಿದ್ದು 18ನೇ ಶತಮಾನದ ಕೊನೆಯಲ್ಲಿ. ಅದುವರೆಗೆ ಯುರೋಪಿನ ರಾಜರಿಗೂ ವ್ಯತ್ಯಾಸ ಸರಿಯಾಗಿ ಗೊತ್ತಿರಲಿಲ್ಲ.

ಸ್ಪಿನೆಲ್‌ನಲ್ಲೂ ಕೆಂಪು ಕೊಡುವುದು ಕ್ರೋಮಿಯಮ್ಮೇ. ಹಾಗಾಗಿ ಅದೂ ಬಿಸಿಲಲ್ಲಿ ಹೊಳೆಯುತ್ತದೆ. ಗಟ್ಟಿತನ 10ರವರೆಗಿನ ಮೋಸ್ ಅಳತೆಯಲ್ಲಿ 8, ಮಾಣಿಕ್ಯದ್ದು 9. ಉಂಗುರಕ್ಕೆ 8 ಧಾರಾಳ ಸಾಕು. ಮಾಣಿಕ್ಯಕ್ಕಿಂತ ಸ್ವಲ್ಪ ಹಗುರ, ಹಾಗಾಗಿ ಅಷ್ಟೇ ಕ್ಯಾರಟ್‌ಗೆ ಗಾತ್ರ ಸ್ವಲ್ಪ ದೊಡ್ಡದು. ಮಾಣಿಕ್ಯವನ್ನು ತಿರುಗಿಸಿದರೆ ಒಂದು ಕಡೆಯಿಂದ ನೇರಳೆ ಕೆಂಪು, ಇನ್ನೊಂದು ಕಡೆಯಿಂದ ಕಿತ್ತಳೆ ಕೆಂಪು ಕಾಣಬಹುದು. ಸ್ಪಿನೆಲ್ ಎಲ್ಲ ಕಡೆಯಿಂದಲೂ ಒಂದೇ ಬಣ್ಣ. ಹೆಚ್ಚಿನವಕ್ಕೆ ಕಾಯಿಸುವುದು, ತುಂಬುವುದು ಏನೂ ಮಾಡಿರುವುದಿಲ್ಲ. ಬೆಲೆ ಈಚಿನ ವರ್ಷಗಳಲ್ಲಿ ಏರಿದೆ, ನಿಜ. ಆದರೂ ಅದೇ ಗುಣಮಟ್ಟದ, ಬೆಂಕಿ ಕಾಣದ ಮಾಣಿಕ್ಯದ ಪಕ್ಕ ಇಟ್ಟರೆ ಇನ್ನೂ ಕಮ್ಮಿಯೇ. ಎಲ್ಲ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ ಅನ್ನುವುದು ಒಂದೇ ಕೊರತೆ. ಜೈಪುರದಿಂದ ಹರಳು ತರಿಸುವ ವ್ಯಾಪಾರಿಗಳನ್ನು ಕೇಳಬೇಕು. ಕಾರ್ಖಾನೆಯ ಸ್ಪಿನೆಲ್ ಕೂಡ ಇರುವುದರಿಂದ ಇದಕ್ಕೂ ವರದಿ ಬೇಕೇ ಬೇಕು.

ಗಾರ್ನೆಟ್ ದಾಳಿಂಬೆ ಕಾಳಿನ ಬಣ್ಣದ ಕಲ್ಲು. ಅಗ್ಗ, ಸಹಜ, ಸಾಮಾನ್ಯವಾಗಿ ಏನೂ ಮಾಡಿರುವುದಿಲ್ಲ. ರಾಜಸ್ಥಾನ, ಒಡಿಶಾದಲ್ಲಿ ಬೇಕಾದಷ್ಟು ಸಿಗುತ್ತದೆ. ಗಟ್ಟಿತನ 7ರ ಆಸುಪಾಸು. ಓಲೆ, ಪದಕ, ಮಣಿಸರಕ್ಕೆ ಚೆನ್ನ. ದಿನಾ ಪಾತ್ರೆ ತೊಳೆಯುವ ಕೈಯ ಉಂಗುರಕ್ಕೆ ಬೇಡ, ಅಂಚು ಸವೆಯುತ್ತದೆ. ದೊಡ್ಡ ಗಾರ್ನೆಟ್ ಕಪ್ಪಗೆ ಕಾಣುವುದರಿಂದ ಚಿಕ್ಕದನ್ನೇ ಆರಿಸಿ, ನೇರಳೆ ಮಿಶ್ರಿತ ರೋಡೊಲೈಟ್ ಅನ್ನುವ ಗಾರ್ನೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಗಾರ್ನೆಟ್ಟನ್ನೇ ಮಾಣಿಕ್ಯ ಅಂತ ಕೊಟ್ಟಿದ್ದಾರೆ ಅನ್ನುವ ಅನುಮಾನ ಇದ್ದರೆ ಬಿಡಿ ಹರಳಿನ ಹತ್ತಿರ ಗಟ್ಟಿ ನಿಯೋಡಿಮಿಯಂ ಅಯಸ್ಕಾಂತ ಹಿಡಿಯಿರಿ. ಕಬ್ಬಿಣ ತುಂಬಿದ ಗಾರ್ನೆಟ್ ಅದರ ಕಡೆ ಎಳೆದುಕೊಳ್ಳುತ್ತದೆ, ಮಾಣಿಕ್ಯ ಕದಲುವುದಿಲ್ಲ.

ಕೆಂಪಿನ ಓಲೆಗೆ ಯಾವ ಕಲ್ಲು?

ನಮ್ಮ ಕಡೆ ಕೆಂಪಿನ ಓಲೆ, ಅಡ್ಡಿಗೆ, ಜಡೆನಾಗರ, ರಾಗಟೆ ಅಂದರೆ ಇನ್ನೊಂದೇ ಲೋಕ. ಇಲ್ಲಿ ಹರಳಿಗೆ ಕಟಿಂಗ್ ಇಲ್ಲ. ಮೇಲೆ ನುಣುಪಾಗಿ ಉಬ್ಬಿಸಿ ಉಜ್ಜಿರುತ್ತಾರೆ. ಹಿಂದೆ ತೆಳು ತಗಡು ಇಟ್ಟು, ಸುತ್ತ ಚಿನ್ನ ಒತ್ತಿ ಕೂರಿಸುತ್ತಾರೆ. ಹಿಂಭಾಗ ಮುಚ್ಚಿರುತ್ತದೆ. ಅರ್ಧ ಬಣ್ಣ ಕಲ್ಲಿನದು, ಅರ್ಧ ಹೊಳಪು ತಗಡಿನದು.

ಹಳೆಯ ಮನೆತನದ ಒಡವೆಗಳಲ್ಲಿ ನಿಜವಾದ ಮಾಣಿಕ್ಯ, ಸ್ಪಿನೆಲ್ ಇರುವುದುಂಟು. ಈಗಿನವುಗಳಲ್ಲಿ ಬಹುಪಾಲು ಕಾರ್ಖಾನೆಯ ಕಲ್ಲು ಅಥವಾ ಗಾಜು. ಕಾರ್ಖಾನೆಯ ಮಾಣಿಕ್ಯ ಹೊಸತೇನೂ ಅಲ್ಲ. ಫ್ರಾನ್ಸ್‌ನ ಆಗಸ್ಟ್ ವೆರ್ನೂಯಿ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. ಗಡಿಯಾರದೊಳಗಿನ ಕೆಂಪು ಕಲ್ಲುಗಳು ಅಂಥವೇ. 1960ರ ಮೊದಲ ಲೇಸರ್‌ನಲ್ಲಿ ಇದ್ದದ್ದೂ ಬೆಳೆಸಿದ ಮಾಣಿಕ್ಯವೇ. ರಾಸಾಯನಿಕವಾಗಿ ಅದು ಮಾಣಿಕ್ಯವೇ ಆದ್ದರಿಂದ ಗಾಜು ಗೀಚುವುದು, ಹಾಲಿನಲ್ಲಿ ಹಾಕುವುದು ಇತ್ಯಾದಿ ಮನೆ ಪರೀಕ್ಷೆಗಳಲ್ಲಿ ಅದೂ ಪಾಸಾಗುತ್ತದೆ. ಲೂಪ್‌ನಲ್ಲಿ ಬಾಗಿದ ಗೆರೆಗಳು, ದುಂಡು ಗುಳ್ಳೆಗಳು ಕಾಣಬಹುದು. ಒಂದೂ ಮಚ್ಚೆಯಿಲ್ಲದ ದೊಡ್ಡ ಕೆಂಪು ಕಲ್ಲು ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಹಾಗಂತ ಕೆಂಪಿನ ಒಡವೆಗೆ ಕಾರ್ಖಾನೆಯ ಕಲ್ಲು ಕೀಳು ಅಂತ ನಾನು ಹೇಳುವುದಿಲ್ಲ. ನಲವತ್ತು ಐವತ್ತು ಕಲ್ಲು ಒಂದೇ ಬಣ್ಣ, ಒಂದೇ ಅಳತೆ ಬೇಕಾದಲ್ಲಿ ಅದು ಸರಿಯಾದ ಆಯ್ಕೆಯೇ. ಗಟ್ಟಿ ಇರುತ್ತದೆ, ಗೀರು ಬೀಳುವುದಿಲ್ಲ. ಗಾಜಿನ ಕಲ್ಲಾದರೆ ಕೆಲವು ವರ್ಷಕ್ಕೆ ಧೂಳು ಉಜ್ಜಿ ಉಜ್ಜಿ ಮಂಕಾಗುತ್ತದೆ. ಅದಕ್ಕೇ ಅಂಗಡಿಯಲ್ಲಿ ನೇರವಾಗಿ ಕೇಳಿ: "ಇದು ಸಿಂಥೆಟಿಕ್ ಕಲ್ಲಾ, ಗಾಜಾ?" ಉತ್ತರ ಬಿಲ್‌ನಲ್ಲಿ ಬರೆದುಕೊಡಲಿ. ಅಜ್ಜಿಯ ಕಾಲದ ಓಲೆ ಅಳಿಸಿ ಹೊಸತು ಮಾಡಿಸುವವರು ಮಾತ್ರ ಕಲ್ಲುಗಳನ್ನು ಲ್ಯಾಬಿಗೆ ತೋರಿಸದೆ ಬಿಟ್ಟುಕೊಡಬೇಡಿ.

ನಮ್ಮ ನೆಲದ ನಕ್ಷತ್ರ

ಕ್ರಿ.ಶ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು ಮಾರುವುದನ್ನು ಬರೆದಿಟ್ಟಿದ್ದಾನೆ. ಆ ಮಾಣಿಕ್ಯಗಳೆಲ್ಲ ಇಲ್ಲಿಯವೇ ಅಂತ ಹೇಳುವಂತಿಲ್ಲ. ಆದರೆ ಕರ್ನಾಟಕದ ನೆಲದಲ್ಲೂ ಮಾಣಿಕ್ಯ ಇದೆ. ಮೈಸೂರು, ಚನ್ನಪಟ್ಟಣದ ಕಡೆಯ ಕೆಂಪು ಕುರುಂದ ಹರಳಿನ ಲೋಕದಲ್ಲಿ ಹೆಸರು ಮಾಡಿದೆ. ಹೆಚ್ಚಿನವು ಪಾರದರ್ಶಕ ಅಲ್ಲ, ಬಣ್ಣ ನೇರಳೆ ಕಡೆಯ ಕೆಂಪು. ಹಸಿರು ಫುಕ್ಸೈಟ್ ಕಲ್ಲಿನೊಳಗೆ ಕೆಂಪು ಚುಕ್ಕೆಯಾಗಿ ಕೂತ ಮಾಣಿಕ್ಯವೂ ಇಲ್ಲಿಯ ವಿಶೇಷ.

ಈ ಮಂಕು ಕಲ್ಲುಗಳಲ್ಲಿ ಕೆಲವಕ್ಕೆ ಒಂದು ಭಾಗ್ಯ ಇದೆ. ಒಳಗೆ ಮೂರು ದಿಕ್ಕಿಗೆ ಜೋಡಿಸಿಕೊಂಡ ಸಣ್ಣ ಸೂಜಿ ಎಳೆಗಳಿದ್ದರೆ, ಉಬ್ಬಿಸಿ ಉಜ್ಜಿದಾಗ ಮೇಲೆ ಆರು ಕಿರಣಗಳ ನಕ್ಷತ್ರ ಮೂಡುತ್ತದೆ. ಇದೇ ಸ್ಟಾರ್ ರೂಬಿ. ಕೈಗೆಟುಕುವ ಬೆಲೆಗೆ ಏನೂ ತುಂಬದ, ಸಹಜವಾದ, ಗಟ್ಟಿಯಾದ ಮಾಣಿಕ್ಯ ಬೇಕು ಅಂದರೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬಣ್ಣದಲ್ಲಿ ಮೊಗೋಕ್ ಜೊತೆ ಪೈಪೋಟಿ ಮಾಡುವುದಿಲ್ಲ, ಆದರೆ ಗಂಡಸರ ಉಂಗುರಕ್ಕೆ ಇದರ ಗಾಂಭೀರ್ಯವೇ ಬೇರೆ.

ಆರಿಸುವಾಗ ಫೋನಿನ ಟಾರ್ಚ್ ಹಾಕಿ. ಬೆಳಕು ಸರಿಸಿದರೆ ನಕ್ಷತ್ರವೂ ಸರಿಯಬೇಕು. ಆರು ಕಾಲೂ ಅಂಚಿನವರೆಗೆ ಹೋಗಬೇಕು, ಕಲ್ಲಿನ ನಡುವೆ ಕೂತಿರಬೇಕು. ನಾಲ್ಕೇ ಕಿರಣ ಇದ್ದರೆ ಅದು ಮಾಣಿಕ್ಯ ಅಲ್ಲ, ಗಾರ್ನೆಟ್ ಇರಬಹುದು. ಗೆರೆಗಳು ಬರೆದಿಟ್ಟಂತೆ ತೀರಾ ಚೂಪಾಗಿದ್ದು, ಕಲ್ಲು ಏಕಸಮವಾಗಿ ಕೆಂಪಾಗಿದ್ದರೆ ಕಾರ್ಖಾನೆಯದು. 1947ರಿಂದಲೇ ಅಂಥವು ಮಾರುಕಟ್ಟೆಯಲ್ಲಿವೆ.

ದುಡ್ಡು ಕೊಡುವ ಮುಂಚೆ

ತೂಕವನ್ನು ಕ್ಯಾರಟ್‌ನಲ್ಲಿ ಕೇಳಿ. ಒಂದು ಕ್ಯಾರಟ್ ಅಂದರೆ 0.2 ಗ್ರಾಂ, ಜಗತ್ತಿನಲ್ಲೆಲ್ಲ ಒಂದೇ. ರತ್ತಿ ಹಾಗಲ್ಲ. ಕೆಲವರು 0.91 ಕ್ಯಾರಟ್‌ಗೆ ಒಂದು ರತ್ತಿ ಅನ್ನುತ್ತಾರೆ, ಅಕ್ಕಸಾಲಿಗರ ಹಳೆಯ ರತ್ತಿ 0.6 ಕ್ಯಾರಟ್ ಸುಮಾರು. "ಐದು ರತ್ತಿ" ಯಾವ ಲೆಕ್ಕದಲ್ಲಿ ಅಂತ ತಿಳಿಯದೆ ಬೆಲೆ ಮಾತಾಡಬೇಡಿ.

ಚಿನ್ನದ ಮೇಲಿನ ಹಾಲ್‌ಮಾರ್ಕ್ ಮತ್ತು ಆರು ಅಂಕಿ-ಅಕ್ಷರದ ಗುರುತು ಚಿನ್ನಕ್ಕೆ ಮಾತ್ರ. ಕಲ್ಲಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಿಲ್‌ನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ, ಕಲ್ಲಿನ ಬೆಲೆ ಬೇರೆ ಬೇರೆ ಇರಲಿ. ಕೆಂಪಿನ ಒಡವೆಯಲ್ಲಿ ಕಲ್ಲು, ಒಳಗಿನ ಅರಗು ಎಲ್ಲ ಸೇರಿ ಚಿನ್ನದ ಬೆಲೆಗೆ ತೂಗಿಬಿಟ್ಟರೆ ನಷ್ಟ ದೊಡ್ಡದು.

ಹತ್ತಿಪ್ಪತ್ತು ಸಾವಿರ ರೂಪಾಯಿ ದಾಟುವ ಯಾವ ಕೆಂಪು ಹರಳಿಗೂ ವರದಿ ಇರಲಿ. ಒಡವೆಗೆ ಕೂರಿಸುವ ಮೊದಲು, ಬಿಡಿ ಹರಳಾಗಿದ್ದಾಗಲೇ ಪರೀಕ್ಷೆ ಮಾಡಿಸಿ. ಮುಚ್ಚಿದ ಕಟ್ಟಿನೊಳಗೆ ಕೂತ ಮೇಲೆ ಲ್ಯಾಬಿನವರಿಗೂ ಪೂರ್ತಿ ನೋಡಲು ಆಗುವುದಿಲ್ಲ. ವರದಿಯಲ್ಲಿ "ನ್ಯಾಚುರಲ್" ಅನ್ನುವ ಒಂದು ಪದ ನೋಡಿ ಸಮಾಧಾನ ಆಗಬೇಡಿ. ಗಾಜು ತುಂಬಿದ ಕಲ್ಲಿನಲ್ಲೂ ಒಳಗಿರುವುದು ಸಹಜ ಕುರುಂದವೇ ಅಲ್ವಾ? ಕೆಳಗೆ ಟ್ರೀಟ್‌ಮೆಂಟ್ ಅಥವಾ ಕಾಮೆಂಟ್ಸ್ ಅನ್ನುವ ಜಾಗ ಓದಿ. "ಲೆಡ್ ಗ್ಲಾಸ್ ಫಿಲ್ಡ್", "ಕಾಂಪೊಸಿಟ್" ಅಂತಿದ್ದರೆ ವಾಪಸ್ ಕೊಡಿ. "ಹೀಟೆಡ್" ಅಂತಿದ್ದರೆ ಅದಕ್ಕೆ ತಕ್ಕ ಬೆಲೆ ಮಾತಾಡಿ. ವರದಿಯ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ತೂಕ ಮತ್ತು ಅಳತೆ ಕೈಯಲ್ಲಿರುವ ಕಲ್ಲಿಗೆ ಹೊಂದುತ್ತದಾ ಅಂತ ತಾಳೆ ಮಾಡಿ.

ಮನೆಗೆ ತಂದ ಮೇಲೆ ಮಾಣಿಕ್ಯ, ಸ್ಪಿನೆಲ್, ಗಾರ್ನೆಟ್ ಮೂರಕ್ಕೂ ಉಗುರುಬೆಚ್ಚಗಿನ ಸೋಪು ನೀರು, ಮೆತ್ತನೆಯ ಬ್ರಷ್ ಸಾಕು. ಗಾರ್ನೆಟ್ಟನ್ನು ಬಿಸಿಯಿಂದ ತಕ್ಷಣ ತಣ್ಣೀರಿಗೆ ಹಾಕಬೇಡಿ, ಬಿರುಕು ಬಿಡಬಹುದು. ತಗಡಿಟ್ಟು ಕಟ್ಟಿದ ಕೆಂಪಿನ ಒಡವೆಯನ್ನು ನೀರಲ್ಲಿ ಮುಳುಗಿಸಲೇಬಾರದು. ನೀರು ಒಳಗೆ ಹೋದರೆ ತಗಡು ಕಪ್ಪಾಗಿ ಕಲ್ಲು ಸತ್ತಂತೆ ಕಾಣುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಬೆವರು ಆರಿದ ಮೇಲೆ ಡಬ್ಬಿಗೆ ಹಾಕಿಡಿ.